ಪರದೆಗೆ ಹೊಂದುವ ಪುಸ್ತಕ: ಕಂಪ್ಯೂಟರ್ ಕಲಿಕೆಗೆ ಕೈಪಿಡಿಯನ್ನು ಆರಿಸುವ ಬಗೆ

ಕಳೆದ ವರ್ಷದ ಬೇಸಿಗೆಯಲ್ಲಿ ನನ್ನ ಸಂಜೆಯ ತರಗತಿಗೆ ಸೇರಿದ ಬಿ.ಕಾಂ. ವಿದ್ಯಾರ್ಥಿನಿಯೊಬ್ಬಳು ಮೊದಲ ದಿನವೇ ಲೆಕ್ಕ ಬರೆಯುವ ತಂತ್ರಾಂಶವಾದ ಟ್ಯಾಲಿಯ 700 ಪುಟಗಳ ಪುಸ್ತಕವೊಂದನ್ನು ಎದೆಗವಚಿಕೊಂಡು ಬಂದಿದ್ದಳು. ಹೊಸ ಪುಸ್ತಕ, ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಹೊಸ ಕಂಪನಿಯ ಲೆಕ್ಕವನ್ನು ತೆರೆಯಬೇಕಾದರೆ ಆಲ್ಟ್ ಕೀಲಿಯ ಜೊತೆ ಎಫ್3 ಒತ್ತಬೇಕೆಂದು ಅದರ ಮೊದಲ ಪಾಠದಲ್ಲಿತ್ತು. ಅವಳು ಒತ್ತಿದಳು, ಆದರೆ ಪುಸ್ತಕದಲ್ಲಿ ಅಚ್ಚಾಗಿದ್ದ ಪರದೆ ಬರಲಿಲ್ಲ. ಮತ್ತೆ ಒತ್ತಿದಳು. ನಾಲ್ಕನೇ ಸಲಕ್ಕೆ, ತಪ್ಪು ತನ್ನ ಬೆರಳಿನದೇ ಇರಬೇಕು ಎಂಬಂತೆ ನನ್ನ ಮುಖ ನೋಡಿದಳು. ತಪ್ಪು ಬೆರಳಿನದಾಗಿರಲಿಲ್ಲ. ಆ ಪುಸ್ತಕ ಟ್ಯಾಲಿ ಇಆರ್‌ಪಿ 9ಕ್ಕೆ ಬರೆದದ್ದು, ಅವಳ ಮುಂದಿದ್ದದ್ದು ಟ್ಯಾಲಿ ಪ್ರೈಮ್. 2020ರ ನವೆಂಬರಿನಲ್ಲಿ ಪ್ರೈಮ್ ಬಂದಾಗ ಕಂಪನಿಯ ಕೆಲಸಗಳೆಲ್ಲ ಆಲ್ಟ್ ಮತ್ತು ಕೆ ಕೀಲಿಗಳ ಕೆಳಗೆ ಹೋದವು. ಹಳೆಯ ‘ಅಕೌಂಟ್ಸ್ ಇನ್ಫೋ’ ಎಂಬ ಪಟ್ಟಿಯೇ ಮಾಯವಾಗಿ ಆ ಜಾಗದಲ್ಲಿ ‘ಕ್ರಿಯೇಟ್’, ‘ಆಲ್ಟರ್’ ಎಂಬ ಆಯ್ಕೆಗಳು ಕುಳಿತವು.

ಕಂಪ್ಯೂಟರ್ ಕಲಿಯಲು ಹೊರಟವರಲ್ಲಿ ಬಹುಪಾಲು ಮಂದಿ ಸೋಲುವುದು ವಿಷಯ ಕಷ್ಟವೆಂಬ ಕಾರಣಕ್ಕಲ್ಲ, ಕೈಯಲ್ಲಿರುವ ಪುಸ್ತಕಕ್ಕೂ ಕಣ್ಣೆದುರಿನ ಪರದೆಗೂ ತಾಳಮೇಳವಿಲ್ಲದ ಕಾರಣಕ್ಕೆ ಎಂಬುದು ಹಲವು ವರ್ಷ ಕಲಿಸಿದ ಮೇಲೆ ನನಗೆ ಖಚಿತವಾಗಿರುವ ಮಾತು. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಪುಸ್ತಕದ ಅಂಗಡಿಗೆ ಹೋಗುವುದು ಮೊದಲ ಹೆಜ್ಜೆಯಲ್ಲ.

ಮೊದಲ ಹೆಜ್ಜೆ: ನಿಮ್ಮ ಯಂತ್ರದಲ್ಲಿ ಏನಿದೆ ಎಂದು ಬರೆದುಕೊಳ್ಳಿ

ಒಂದು ಚೀಟಿ ತೆಗೆದುಕೊಂಡು ನಿಮ್ಮ ಕಂಪ್ಯೂಟರಿನ ಮುಂದೆ ಕುಳಿತುಕೊಳ್ಳಿ. ವಿಂಡೋಸ್ ಆಗಿದ್ದರೆ, ಕೀಲಿಮಣೆಯಲ್ಲಿ ವಿಂಡೋಸ್ ಚಿಹ್ನೆಯಿರುವ ಕೀಲಿಯನ್ನು ಹಿಡಿದು ಆರ್ ಅಕ್ಷರವನ್ನು ಒತ್ತಿ, ತೆರೆದುಕೊಂಡ ಸಣ್ಣ ಪೆಟ್ಟಿಗೆಯಲ್ಲಿ ‘ವಿನ್‌ವರ್’ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿದರೆ, ನಿಮ್ಮದು ವಿಂಡೋಸ್ 10 ಅಥವಾ 11 ಎಂಬುದೂ ಅದರೊಳಗಿನ ಉಪ ಆವೃತ್ತಿಯ ಸಂಖ್ಯೆಯೂ ಕಾಣುತ್ತವೆ. ಎಕ್ಸೆಲ್ ಅಥವಾ ವರ್ಡ್ ತೆರೆದು ಫೈಲ್ ಪಟ್ಟಿಯ ಕೆಳಭಾಗದ ‘ಅಕೌಂಟ್’ ಒತ್ತಿದರೆ, ನಿಮ್ಮದು ಒಮ್ಮೆ ಹಣ ಕೊಟ್ಟು ಕೊಂಡ ಆಫೀಸ್ 2016, 2019, 2021ರಂಥದ್ದೋ ಅಥವಾ ವರ್ಷ ವರ್ಷ ಚಂದಾ ಕಟ್ಟುವ ಮೈಕ್ರೋಸಾಫ್ಟ್ 365 ಎಂಬುದೋ ತಿಳಿಯುತ್ತದೆ. ವಿಂಡೋಸ್ ಬದಲು ಲಿನಕ್ಸ್‌ನ ಒಂದು ಬಗೆಯಾದ ಉಬುಂಟು ಬಳಸುವವರಿಗೆ ಸೆಟ್ಟಿಂಗ್ಸ್‌ನಲ್ಲಿರುವ ‘ಅಬೌಟ್’ ಸಾಕು. ಟ್ಯಾಲಿ ಪ್ರೈಮ್‌ನಲ್ಲಿ ಎಫ್1 ಒತ್ತಿ ‘ಅಬೌಟ್’ ನೋಡಿದರೆ ಬಿಡುಗಡೆಯ ಸಂಖ್ಯೆ ಸಿಗುತ್ತದೆ.

ಈ ಸಂಖ್ಯೆಗಳನ್ನು ಅಲಕ್ಷಿಸಬಾರದು ಎನ್ನಲು ಒಂದು ಉದಾಹರಣೆ ಕೊಡುತ್ತೇನೆ. ಎಕ್ಸೆಲ್‌ನಲ್ಲಿ ‘ಎಕ್ಸ್‌ಲುಕಪ್’ ಎಂಬ, ಪಟ್ಟಿಯಿಂದ ಬೇಕಾದ ಅಂಕಿಯನ್ನು ಹುಡುಕಿ ತರುವ ಸೂತ್ರವು ಆಫೀಸ್ 2021 ಮತ್ತು 365ರಲ್ಲಿ ಇದೆ, 2019ರಲ್ಲಿ ಇಲ್ಲ. ತೀರ ಹೊಸ ಪುಸ್ತಕವನ್ನು ಕೊಂಡು ತಂದು ಕಚೇರಿಯ ಹಳೆಯ ಯಂತ್ರದಲ್ಲಿ ಆ ಸೂತ್ರವನ್ನು ಬರೆದವರಿಗೆ ‘ನೇಮ್’ ಎಂಬ ದೋಷಸೂಚನೆಯಲ್ಲದೆ ಬೇರೇನೂ ಸಿಗುವುದಿಲ್ಲ. ಅಂದರೆ ಹಳೆಯ ಪುಸ್ತಕ ಮಾತ್ರವಲ್ಲ, ನಿಮ್ಮ ಯಂತ್ರಕ್ಕಿಂತ ಹೊಸದಾದ ಪುಸ್ತಕವೂ ಕೈಕೊಡುತ್ತದೆ. ಮನೆಯಲ್ಲಿ ಒಂದು ಆವೃತ್ತಿ, ಕೆಲಸದ ಜಾಗದಲ್ಲಿ ಇನ್ನೊಂದು ಇದ್ದರೆ ಎರಡನ್ನೂ ಚೀಟಿಯಲ್ಲಿ ಬರೆದುಕೊಳ್ಳಿ, ಮತ್ತು ಸಂಬಳ ಬರುವ ಜಾಗದ ಆವೃತ್ತಿಗೇ ಪುಸ್ತಕ ಆರಿಸಿ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಆದುದರಿಂದ ಇಂದು ಹೊಸದಾಗಿ ಕಲಿಯುವವರು 11ರ ಪುಸ್ತಕವನ್ನೇ ಕೊಳ್ಳುವುದು ಒಳ್ಳೆಯದು, ಯಂತ್ರದಲ್ಲಿ ಸದ್ಯಕ್ಕೆ 10 ಇದ್ದರೂ ಸರಿ. ಎರಡರ ನಡುವಿನ ವ್ಯತ್ಯಾಸ ಟ್ಯಾಲಿಯಷ್ಟು ದೊಡ್ಡದಲ್ಲ. ಸ್ಟಾರ್ಟ್ ಗುಂಡಿ ನಡುವಿಗೆ ಬಂದಿದೆ, ಬಲಗುಂಡಿ ಒತ್ತಿದಾಗ ಬರುವ ಪಟ್ಟಿ ಮೊಟಕಾಗಿದೆ; ಎರಡು ದಿನಗಳಲ್ಲಿ ಕಣ್ಣು ಹೊಂದಿಕೊಳ್ಳುತ್ತದೆ.

ಎರಡನೇ ಹೆಜ್ಜೆ: ಮಾಡಬೇಕಾದ ಕೆಲಸವನ್ನು ಒಂದು ವಾಕ್ಯದಲ್ಲಿ ಬರೆಯಿರಿ

‘ಕಂಪ್ಯೂಟರ್ ಕಲಿಯಬೇಕು’ ಎಂಬುದು ಕೆಲಸವಲ್ಲ. ‘ನಮ್ಮ ಹಾರ್ಡ್‌ವೇರ್ ಅಂಗಡಿಯ ಖರೀದಿ ಮತ್ತು ಮಾರಾಟದ ಲೆಕ್ಕವನ್ನು ಜಿಎಸ್‌ಟಿ ಸಮೇತ ನಾನೇ ಬರೆಯಬೇಕು’ ಎಂಬುದು ಕೆಲಸ. ‘ಶಾಲೆಯ 240 ಮಕ್ಕಳ ಅಂಕಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿ ತರಗತಿವಾರು ಮುದ್ರಿಸಬೇಕು’ ಎಂಬುದು ಕೆಲಸ. ಆ ವಾಕ್ಯವನ್ನು ಅದೇ ಚೀಟಿಯಲ್ಲಿ ಆವೃತ್ತಿಯ ಸಂಖ್ಯೆಯ ಕೆಳಗೆ ಬರೆದುಕೊಂಡರೆ, ಯಾವ ಜಾತಿಯ ಪುಸ್ತಕ ಬೇಕೆಂಬುದು ತಾನಾಗಿ ಹೊಳೆಯತೊಡಗುತ್ತದೆ.

ಪಾಠಪುಸ್ತಕ ಎಂಬುದೊಂದು ಜಾತಿ: ಅದನ್ನು ಮೊದಲ ಪುಟದಿಂದ ಅಭ್ಯಾಸ ಮಾಡುತ್ತಲೇ ಓದಬೇಕು, ನಡುವೆ ಹಾರಿದರೆ ದಾರಿ ತಪ್ಪುತ್ತದೆ. ಆಕರಗ್ರಂಥ ಇನ್ನೊಂದು ಜಾತಿ: ಪ್ರತಿಯೊಂದು ಆದೇಶವನ್ನೂ ಸೂತ್ರವನ್ನೂ ಪಟ್ಟಿ ಮಾಡಿ ವಿವರಿಸುವ ಇದನ್ನು ಶಬ್ದಕೋಶದಂತೆ ಬೇಕಾದಾಗ ತೆರೆಯಬೇಕೇ ಹೊರತು ಓದಲು ಕೂರಬಾರದು. ಹೊಸಬರು ಅತಿ ಹೆಚ್ಚು ದುಡ್ಡು ಕಳೆದುಕೊಳ್ಳುವುದು ಇಲ್ಲಿಯೇ. ದಪ್ಪ ನೋಡಿ ‘ಎಲ್ಲವೂ ಇದೆ’ ಎಂದು ಆಕರಗ್ರಂಥವನ್ನು ಕೊಳ್ಳುತ್ತಾರೆ, 40 ಪುಟ ಓದಿ ಕಪಾಟಿಗೆ ಸೇರಿಸುತ್ತಾರೆ. ಮೂರನೆಯದು ಪರೀಕ್ಷಾ ಕೈಪಿಡಿ, ಬಹುಆಯ್ಕೆಯ ಪ್ರಶ್ನೆಗಳಿರುವಂಥದ್ದು. ರಾಜ್ಯ ಸರ್ಕಾರಿ ನೌಕರರು 2012ರ ನಿಯಮಗಳ ಅನುಸಾರ ತೇರ್ಗಡೆಯಾಗಬೇಕಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಗೆ ಇಂತಹ ಕೈಪಿಡಿಗಳು ಬೇಕಾದಷ್ಟು ಬಂದಿವೆ. ಪರೀಕ್ಷೆಯಲ್ಲಿ ಪಾಸಾಗಲು ಅವು ಸಾಕು. ಆದರೆ ‘ಕಾಪಿ ಮಾಡುವ ಕೀಲಿ ಯಾವುದು’ ಎಂಬ ಪ್ರಶ್ನೆಗೆ ಉತ್ತರ ಗೊತ್ತಿರುವ ಮನುಷ್ಯನಿಗೆ ಸೇವ್ ಮಾಡಿದ ಕಡತ ಎಲ್ಲಿಗೆ ಹೋಯಿತೆಂದು ಹುಡುಕಲು ಬಾರದಿರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಪರೀಕ್ಷೆ ಎದುರಿಗಿದ್ದರೆ ಕೈಪಿಡಿ ಕೊಳ್ಳಿ, ಅದನ್ನೇ ಕಲಿಕೆ ಎಂದು ಮಾತ್ರ ಭಾವಿಸಬೇಡಿ.

ಮೂರನೇ ಹೆಜ್ಜೆ: ಮುಖಪುಟ ಬಿಟ್ಟು ಅದರ ಹಿಂದಿನ ಪುಟ ಓದಿ

ಈಗ ಚೀಟಿಯ ಸಮೇತ ಅಂಗಡಿಗೆ ಹೋಗಬಹುದು. ಪುಸ್ತಕ ಕೈಗೆ ಬಂದ ಕೂಡಲೇ ಶೀರ್ಷಿಕೆಯ ಹಾಳೆಯ ಹಿಂಬದಿಯನ್ನು ತೆರೆಯಿರಿ. ಹಕ್ಕುಸ್ವಾಮ್ಯದ ವಿವರ, ಪ್ರಕಾಶಕರ ವಿಳಾಸಗಳ ನಡುವೆ ಸಣ್ಣ ಅಕ್ಷರಗಳಲ್ಲಿ ಮುದ್ರಣದ ಇತಿಹಾಸವಿರುತ್ತದೆ. ‘ಮೊದಲ ಮುದ್ರಣ’ ಎಂಬುದು ಬರೆದ ಕಾಲ. ‘ಪರಿಷ್ಕೃತ ಮುದ್ರಣ’ ಎಂದರೆ ಲೇಖಕರು ಮತ್ತೆ ಕೈಯಾಡಿಸಿದ್ದಾರೆ. ‘ಮರುಮುದ್ರಣ’ ಎಂದರೆ ಹಳೆಯ ಪುಟಗಳನ್ನೇ ಮತ್ತೊಮ್ಮೆ ಅಚ್ಚು ಹಾಕಿದ್ದಾರೆ, ಅಷ್ಟೇ. ನನ್ನ ವಿದ್ಯಾರ್ಥಿನಿಯ ಪುಸ್ತಕದಲ್ಲಿ ಮರುಮುದ್ರಣದ ವರ್ಷ ಇತ್ತೀಚಿನದು, ಮೊದಲ ಮುದ್ರಣ 2012. ಅದರ ತೆರಿಗೆ ಅಧ್ಯಾಯ ತೆರೆದರೆ ವ್ಯಾಟ್ ಮತ್ತು ಸೇವಾ ತೆರಿಗೆಯ ಪಾಠಗಳಿದ್ದವು. ಅವೆರಡೂ 2017ರ ಜುಲೈ 1ರಂದು ಜಿಎಸ್‌ಟಿಯೊಳಗೆ ಸೇರಿಹೋಗಿವೆ. ಅಂಟಿನ ವಾಸನೆಗೂ ಒಳಗಿನ ವಿದ್ಯೆಗೂ ಸಂಬಂಧವಿರಲಿಲ್ಲ.

ನಾನೂ ಈ ವಿಷಯದಲ್ಲಿ ಸಾಚಾ ಅಲ್ಲ. 2006ರಲ್ಲಿ ಬೆಂಗಳೂರಿನ ಅವೆನ್ಯೂ ರಸ್ತೆಯ ಕಾಲುದಾರಿಯಲ್ಲಿ ಲಿನಕ್ಸ್ ಕುರಿತ ದೊಡ್ಡ ಪುಸ್ತಕವೊಂದನ್ನು ಚೌಕಾಸಿ ಮಾಡಿ ಕೊಂಡು, ಲಾಭವಾಯಿತೆಂದು ಬೀಗುತ್ತ ಊರಿಗೆ ಬಸ್ಸು ಹತ್ತಿದ್ದೆ. ಅದು 2003ರ ರೆಡ್ ಹ್ಯಾಟ್ ಲಿನಕ್ಸ್ 9ರ ಪುಸ್ತಕ. ಆ ಸರಣಿಯೇ ಅಲ್ಲಿಗೆ ಮುಗಿದು ಎರಡು ವರ್ಷಗಳ ಮೇಲಾಗಿತ್ತು. ಹಿಂಬದಿಯ ಲಕೋಟೆಯಲ್ಲಿದ್ದ ಸಿ.ಡಿ.ಗಳು ನನ್ನ ಯಂತ್ರದ ಹಾರ್ಡ್ ಡಿಸ್ಕನ್ನು ಗುರುತಿಸಲೇ ಇಲ್ಲ. ಮುದ್ರಣದ ಪುಟವನ್ನು ಅರ್ಧ ನಿಮಿಷ ನೋಡಿದ್ದರೆ ತಿಳಿಯುತ್ತಿತ್ತು.

ತೆರಿಗೆಯ ದರಗಳ ವಿಷಯದಲ್ಲಿ ಇನ್ನೊಂದು ಎಚ್ಚರವೂ ಬೇಕು. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿಯ ಶೇ. 12 ಮತ್ತು ಶೇ. 28ರ ಹಂತಗಳಲ್ಲಿದ್ದ ಬಹುತೇಕ ಸರಕುಗಳು ಶೇ. 5 ಮತ್ತು ಶೇ. 18ಕ್ಕೆ ಬಂದಿವೆ. ಅದಕ್ಕಿಂತ ಮೊದಲು ಬರೆದ ಟ್ಯಾಲಿ ಪ್ರೈಮ್ ಪುಸ್ತಕವನ್ನು ಈ ಒಂದೇ ಕಾರಣಕ್ಕೆ ಬಿಡಬೇಕಾಗಿಲ್ಲ. ದರವನ್ನು ಎಲ್ಲಿ ನಮೂದಿಸಬೇಕೆಂಬ ಪಾಠ ಹಾಗೆಯೇ ಇರುತ್ತದೆ, ನಮೂದಿಸುವ ಅಂಕಿ ಮಾತ್ರ ಬೇರೆ. ಯಾವುದು ಹಳತಾದರೆ ಪುಸ್ತಕವೇ ಕೆಡುತ್ತದೆ, ಯಾವುದು ಹಳತಾದರೂ ನಡೆಯುತ್ತದೆ ಎಂಬ ಈ ವಿವೇಚನೆ ಮುಂದೆ ಲಿನಕ್ಸ್ ಮಾತು ಬಂದಾಗಲೂ ಬೇಕಾಗುತ್ತದೆ.

ನಾಲ್ಕನೇ ಹೆಜ್ಜೆ: ಅಂಗಡಿಯಲ್ಲಿಯೇ 20 ನಿಮಿಷ ನಿಂತು ಓದಿ

ಪರಿವಿಡಿಯನ್ನು ಎಲ್ಲರೂ ನೋಡುತ್ತಾರೆ. ಆದರೆ ಪರಿವಿಡಿ ಲೇಖಕನ ಆಶ್ವಾಸನೆ ಮಾತ್ರ. ಅದನ್ನು ಅವನು ನಡೆಸಿಕೊಟ್ಟಿದ್ದಾನೆಯೇ ಎಂದು ತಿಳಿಯಲು ಪುಸ್ತಕದ ಕೊನೆಗೆ ಹೋಗಿ ಪದಸೂಚಿ ಇದೆಯೇ ನೋಡಿ. ನೀವು ಚೀಟಿಯಲ್ಲಿ ಬರೆದ ಕೆಲಸಕ್ಕೆ ಬೇಕಾದ ಮೂರು ಪದಗಳನ್ನು ಅದರಲ್ಲಿ ಹುಡುಕಿ. ಪದಸೂಚಿಯೇ ಇಲ್ಲದ 500 ಪುಟಗಳ ತಾಂತ್ರಿಕ ಪುಸ್ತಕ ಎಷ್ಟೇ ಚೆನ್ನಾಗಿದ್ದರೂ, ತೊಡಕು ಬಂದ ದಿನ ಅದು ನಿಮಗೆ ಒದಗುವುದಿಲ್ಲ. ಕನ್ನಡದಲ್ಲಿ ಬಂದಿರುವ ಕಂಪ್ಯೂಟರ್ ಪುಸ್ತಕಗಳಲ್ಲಿ ನಾನು ಅತಿ ಹೆಚ್ಚು ಕಂಡ ಕೊರತೆ ಇದೇ.

ಬಳಿಕ, ನಿಮಗೆ ಈಗಾಗಲೇ ಅಷ್ಟಿಷ್ಟು ಗೊತ್ತಿರುವ ಒಂದು ವಿಷಯದ ಪುಟವನ್ನು ತೆರೆದು ಪೂರ್ತಿ ಓದಿ. ಗೊತ್ತಿಲ್ಲದ ವಿಷಯವನ್ನು ಓದಿದರೆ ಎಲ್ಲ ಪುಸ್ತಕವೂ ದೊಡ್ಡದಾಗಿ ಕಾಣುತ್ತದೆ. ಗೊತ್ತಿರುವ ಜಾಗದಲ್ಲಿ ಲೇಖಕ ಎಲ್ಲಿ ಅವಸರ ಮಾಡಿದ್ದಾನೆ, ಎಲ್ಲಿ ನಿಮ್ಮ ಅನುಮಾನವನ್ನು ಮುಂಚೆಯೇ ಊಹಿಸಿದ್ದಾನೆ ಎಂಬುದು ಥಟ್ಟನೆ ಕಾಣುತ್ತದೆ. ನಾನು ಬಳಸುವ ಕೆಲವು ಒರೆಗಲ್ಲುಗಳನ್ನು ಹೇಳುತ್ತೇನೆ.

ಎಕ್ಸೆಲ್ ಪುಸ್ತಕವಾದರೆ ‘ವಿಲುಕಪ್’ ಸೂತ್ರದ ಪುಟ ತೆರೆಯುತ್ತೇನೆ. ಪಟ್ಟಿಯಲ್ಲಿ ಒಂದು ಹೆಸರನ್ನು ಹುಡುಕಿ ಅದರ ಮುಂದಿನ ಅಂಕಿಯನ್ನು ತರುವ ಈ ಸೂತ್ರಕ್ಕೆ ನಾಲ್ಕು ಅಂಶಗಳನ್ನು ಕೊಡಬೇಕು, ನಾಲ್ಕನೆಯದನ್ನು ಕೊಡದೆಯೂ ಬಿಡಬಹುದು. ಆದರೆ ಬಿಟ್ಟರೆ ಎಕ್ಸೆಲ್ ಅಂದಾಜಿನ ಹೊಂದಿಕೆಯನ್ನು ಹುಡುಕುತ್ತದೆ. ಪಟ್ಟಿಯು ಏರಿಕೆಯ ಕ್ರಮದಲ್ಲಿ ಇಲ್ಲದಿದ್ದರೆ ಒಬ್ಬ ವಿದ್ಯಾರ್ಥಿಯ ಹೆಸರಿನ ಮುಂದೆ ಇನ್ನೊಬ್ಬನ ಅಂಕ ಬಂದು ಕೂರುತ್ತದೆ, ಅದೂ ಯಾವ ದೋಷಸೂಚನೆಯೂ ಇಲ್ಲದೆ. ನಿಖರ ಹೊಂದಿಕೆ ಬೇಕಾದರೆ ಕೊನೆಯಲ್ಲಿ ‘ಫಾಲ್ಸ್’ ಅಥವಾ ಸೊನ್ನೆ ಬರೆಯಲೇಬೇಕು. ಒಳ್ಳೆಯ ಪುಸ್ತಕ ಇದನ್ನು ಸೂತ್ರದ ಜೊತೆಗೇ, ತಪ್ಪು ಉತ್ತರ ಬಂದ ಪಟ್ಟಿಯನ್ನು ತೋರಿಸಿ ಹೇಳುತ್ತದೆ. ಸಾಧಾರಣ ಪುಸ್ತಕ ಸೂತ್ರವನ್ನೂ ಸರಿ ಉತ್ತರ ಬಂದ ಚಿತ್ರವನ್ನೂ ಅಚ್ಚು ಹಾಕಿ ಮುಂದಕ್ಕೆ ಹೋಗುತ್ತದೆ. ಪುಸ್ತಕ ಏನನ್ನು ಮಾಡಬೇಕೆಂದು ಹೇಳುತ್ತದೆ ಎಂಬುದಕ್ಕಿಂತ ಎಲ್ಲಿ ಎಡವುತ್ತೀರಿ ಎಂದು ಹೇಳುತ್ತದೆಯೇ ಎಂಬುದರ ಮೇಲೆ ನನ್ನ ಕಣ್ಣು.

ಟ್ಯಾಲಿ ಪುಸ್ತಕಕ್ಕೆ ಎರಡು ಪರೀಕ್ಷೆಗಳು. ಒಂದು, ಅಂಗಡಿಯ ನಗದನ್ನು ಬ್ಯಾಂಕಿಗೆ ಕಟ್ಟಿದಾಗ ಅದನ್ನು ಪೇಮೆಂಟ್ ವೋಚರ್‌ನಲ್ಲಿ ಅಲ್ಲ, ಎಫ್4 ಒತ್ತಿದರೆ ಬರುವ, ನಗದು ಮತ್ತು ಬ್ಯಾಂಕಿನ ನಡುವಿನ ವರ್ಗಾವಣೆಯನ್ನು ಬರೆಯುವ ಕಾಂಟ್ರಾದಲ್ಲಿ ಏಕೆ ಬರೆಯಬೇಕೆಂದು ಕಾರಣ ಕೊಟ್ಟಿದ್ದಾರೆಯೇ. ಸರಕು ತರಿಸಿದ ಲಾರಿ ಬಾಡಿಗೆಯನ್ನು ನೇರ ವೆಚ್ಚದ ಗುಂಪಿಗೂ ಕಚೇರಿಯ ಕರೆಂಟ್ ಬಿಲ್ಲನ್ನು ಪರೋಕ್ಷ ವೆಚ್ಚದ ಗುಂಪಿಗೂ ಹಾಕದಿದ್ದರೆ ಒಟ್ಟು ಲಾಭದ ಅಂಕಿಯೇ ಕೆಡುತ್ತದೆ ಎಂದು ಹೇಳಿದ್ದಾರೆಯೇ. ಇನ್ನೊಂದು ತೀರ ಸಣ್ಣದು, ಆದರೆ ಲೇಖಕ ನಿಜವಾಗಿ ಹೊಸಬರಿಗೆ ಕಲಿಸಿದ್ದಾನೆಯೇ ಎಂಬುದನ್ನು ಅದು ಬಯಲು ಮಾಡುತ್ತದೆ. ಪರವಾನಗಿ ಇಲ್ಲದೆ ಉಚಿತವಾಗಿ ಕಲಿಯಲು ಟ್ಯಾಲಿಯನ್ನು ಶೈಕ್ಷಣಿಕ ಸ್ಥಿತಿಯಲ್ಲಿ ತೆರೆದರೆ, ವೋಚರ್‌ಗಳನ್ನು ತಿಂಗಳ 1, 2 ಮತ್ತು 31ನೇ ತಾರೀಕುಗಳಿಗೆ ಮಾತ್ರ ಬರೆಯಲು ಬಿಡುತ್ತದೆ. ಅಭ್ಯಾಸದ ಲೆಕ್ಕಗಳಲ್ಲೆಲ್ಲ ‘ಏಪ್ರಿಲ್ 15ರಂದು ಖರೀದಿ, 18ರಂದು ಪಾವತಿ’ ಎಂದು ಬರೆದು, ಈ ಮಿತಿಯ ಬಗ್ಗೆ ಚಕಾರವೆತ್ತದ ಪುಸ್ತಕವನ್ನು ಹಿಡಿದ ಹುಡುಗ ಮೊದಲ ರಾತ್ರಿಯೇ ಗಣಕದ ಮೇಲೆ ಮುನಿಸಿಕೊಳ್ಳುತ್ತಾನೆ.

ವಿಂಡೋಸ್ ಪುಸ್ತಕವಾದರೆ ಕಡತ, ಫೋಲ್ಡರ್, ಡ್ರೈವ್‌ಗಳ ಅಧ್ಯಾಯವನ್ನಷ್ಟೇ ನೋಡುತ್ತೇನೆ. ಡೆಸ್ಕ್‌ಟಾಪ್‌ನಲ್ಲಿ ಕಾಣುವ ಕಡತ ನಿಜವಾಗಿ ಎಲ್ಲಿದೆ, ಒನ್‌ಡ್ರೈವ್ ಚಾಲೂ ಇದ್ದರೆ ಅದು ಅಂತರ್ಜಾಲಕ್ಕೂ ಹೋಗುತ್ತಿದೆಯೇ, ಕಡತದ ಹೆಸರಿನ ಕೊನೆಯ ಮೂರು ನಾಲ್ಕು ಅಕ್ಷರಗಳು ಏನು ಹೇಳುತ್ತವೆ ಎಂಬ ಮಾತುಗಳಿಗೆ ಜಾಗ ಕೊಟ್ಟಿದ್ದರೆ ಪುಸ್ತಕ ಸರಿ. ವಾಲ್‌ಪೇಪರ್ ಬದಲಿಸುವುದಕ್ಕೇ ಆರು ಪುಟ ಖರ್ಚು ಮಾಡಿದ್ದರೆ ಅದನ್ನು ಕಪಾಟಿಗೆ ಮರಳಿಸಿ.

ವಿದೇಶಗಳಲ್ಲಿ ಬರೆದ ಇಂಗ್ಲಿಷ್ ಪುಸ್ತಕಗಳಲ್ಲಿ ತಾರೀಕನ್ನು ಹೇಗೆ ಬರೆದಿದ್ದಾರೆಂದು ನೋಡುವುದೂ ಲೇಸು. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಯಂತ್ರದ ಪ್ರದೇಶ ಅಮೆರಿಕ ಎಂದು ನಿಗದಿಯಾಗಿದ್ದರೆ, ನೀವು ಏಪ್ರಿಲ್ 3 ಎಂದುಕೊಂಡು ಬರೆದ 03/04/2025 ಎಂಬುದನ್ನು ಎಕ್ಸೆಲ್ ಮಾರ್ಚ್ 4 ಎಂದು ತಿಳಿಯುತ್ತದೆ, 13/04/2025 ಎಂಬುದನ್ನು ತಾರೀಕೆಂದೇ ಒಪ್ಪದೆ ಬರಿಯ ಪಠ್ಯವಾಗಿ ಇಟ್ಟುಕೊಳ್ಳುತ್ತದೆ. ಲಕ್ಷ, ಕೋಟಿಗಳ ಅಲ್ಪವಿರಾಮವೂ ಇದೇ ಪ್ರದೇಶದ ಆಯ್ಕೆಯನ್ನು ಅವಲಂಬಿಸಿದೆ. ಇದನ್ನು ವಿವರಿಸಿರುವ ಪುಸ್ತಕ ಎಲ್ಲಿಯದಾದರೂ ನಮಗೆ ಆಗಿಬರುತ್ತದೆ.

ಕನ್ನಡದ್ದೋ ಇಂಗ್ಲಿಷಿನದ್ದೋ?

ಈ ಪ್ರಶ್ನೆಯನ್ನು ಕೇಳದ ವಿದ್ಯಾರ್ಥಿ ಇಲ್ಲ, ಮತ್ತು ನನ್ನ ಉತ್ತರ ಕನ್ನಡಾಭಿಮಾನಿಗಳಿಗೆ ಸ್ವಲ್ಪ ಕಹಿಯಾಗಬಹುದು. ವಿವರಣೆ ಕನ್ನಡದಲ್ಲಿರಲಿ, ಪರದೆಯ ಮೇಲಿನ ಹೆಸರುಗಳು ಪರದೆಯಲ್ಲಿರುವಂತೆಯೇ ಇರಲಿ. ‘ಕಡತ ಪಟ್ಟಿಯಲ್ಲಿ ಮುದ್ರಿಸು ಒತ್ತಿರಿ’ ಎಂದು ಪುಸ್ತಕ ಹೇಳಿದರೆ, ಇಂಗ್ಲಿಷ್ ಪರದೆಯ ಮುಂದೆ ಕುಳಿತ ಕಲಿಕಾರ್ಥಿ ಮೊದಲು ಆ ಪದಗಳನ್ನು ಮನಸ್ಸಿನಲ್ಲಿಯೇ ಇಂಗ್ಲಿಷಿಗೆ ತಿರುಗಿಸಿಕೊಂಡು ಆಮೇಲೆ ಹುಡುಕಬೇಕು. ‘ಫೈಲ್ ಒತ್ತಿ, ಪ್ರಿಂಟ್ ಆರಿಸಿ, ಆಗ ಬಲಗಡೆ ಕಾಣುವುದು ಹಾಳೆ ಅಚ್ಚಾದಾಗ ಹೇಗಿರುತ್ತದೆ ಎಂಬುದರ ಮುನ್ನೋಟ’ ಎಂದು ಬರೆದ ಕನ್ನಡ ಪುಸ್ತಕ ಸಿಕ್ಕರೆ ಕಣ್ಣಿಗೊತ್ತಿಕೊಂಡು ತನ್ನಿ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ಇಂತಹ ಒಂದು ತೆಳ್ಳನೆಯ ಕನ್ನಡ ಪುಸ್ತಕವನ್ನು ಮುಗಿಸಿ, ಎರಡನೆಯದಾಗಿ ಇಂಗ್ಲಿಷ್ ಪುಸ್ತಕವನ್ನು ಹಿಡಿಯುವುದು ನನ್ನ ಅನುಭವದಲ್ಲಿ ಅತ್ಯುತ್ತಮ ಕ್ರಮ. ಆ ವೇಳೆಗೆ ಪದಗಳೆಲ್ಲ ಪರಿಚಿತವಾಗಿ, ಇಂಗ್ಲಿಷಿನ ಭಯ ಅರ್ಧಕ್ಕರ್ಧ ಇಳಿದಿರುತ್ತದೆ.

ಕನ್ನಡ ಟೈಪಿಂಗ್ ಕಲಿಸುವ ಪುಸ್ತಕಗಳಿಗೆ ಮಾತ್ರ ಬೇರೆಯೇ ಅಳತೆಗೋಲು ಬೇಕು. ಕೆ.ಪಿ. ರಾವ್ ಅವರು ರೂಪಿಸಿದ ಧ್ವನಿಯನ್ನು ಅನುಸರಿಸುವ ಕೀಲಿಮಣೆ ವಿನ್ಯಾಸವನ್ನೇ ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಬಳಸಿತು. ಕೆ ಒತ್ತಿದರೆ ಕ, ಒತ್ತಕ್ಷರಕ್ಕೆ ನಡುವೆ ಎಫ್ ಎಂಬ ಆ ಪಾಠ ಹಳೆಯ ಪುಸ್ತಕದಿಂದ ಕಲಿತರೂ ಇಂದಿಗೂ ಸಲ್ಲುತ್ತದೆ. ಆದರೆ ಹಳೆಯ ನುಡಿಯ ಪುಸ್ತಕಗಳು ಯೂನಿಕೋಡ್ (ಯಾವ ಯಂತ್ರದಲ್ಲಿಯೂ ಕನ್ನಡ ಕನ್ನಡವಾಗಿಯೇ ಕಾಣಿಸುವ ಅಕ್ಷರ ಸಂಕೇತ ಪದ್ಧತಿ) ಅಲ್ಲದ ಅಕ್ಷರಶೈಲಿಗಳನ್ನು ಹೇಳಿಕೊಡುತ್ತವೆ. ಆ ರೀತಿ ಟೈಪಿಸಿದ ಅರ್ಜಿಯನ್ನು ಆ ಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಕೊಂಬು, ಚುಕ್ಕೆಗಳನ್ನು ಹೊತ್ತ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಪದಸೂಚಿಯಲ್ಲೋ ಪರಿವಿಡಿಯಲ್ಲೋ ‘ಯೂನಿಕೋಡ್’ ಎಂಬ ಪದವಿಲ್ಲದ ಕನ್ನಡ ಟೈಪಿಂಗ್ ಪುಸ್ತಕವನ್ನು ಪುಕ್ಕಟೆ ಕೊಟ್ಟರೂ ಬೇಡ.

ಲಿನಕ್ಸ್ ಕಲಿಯುವವರಿಗೆ

ಇಲ್ಲಿ ಮೊದಲು ಕೇಳಬೇಕಾದದ್ದು ಯಾವ ಲಿನಕ್ಸ್ ಎಂದು. ಉಬುಂಟು, ಡೆಬಿಯನ್‌ಗಳ ಪುಸ್ತಕದಲ್ಲಿ ತಂತ್ರಾಂಶ ಹಾಕಿಕೊಳ್ಳಲು ‘ಆಪ್ಟ್’ ಎಂಬ ಆದೇಶವಿದ್ದರೆ, ರೆಡ್ ಹ್ಯಾಟ್, ಫೆಡೋರಾಗಳ ಪುಸ್ತಕದಲ್ಲಿ ‘ಡಿಎನ್‌ಎಫ್’ ಇರುತ್ತದೆ. ಒಂದರ ಪಾಠ ಇನ್ನೊಂದರಲ್ಲಿ ನಡೆಯದು. ಉಬುಂಟುವಿನ ಆವೃತ್ತಿ ಸಂಖ್ಯೆ ವರ್ಷ ಮತ್ತು ತಿಂಗಳು ಸೇರಿ ಆದದ್ದು: 24.04 ಎಂದರೆ 2024ರ ಏಪ್ರಿಲ್. ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುವ ದೀರ್ಘಾವಧಿ ಬೆಂಬಲದ ಆವೃತ್ತಿಗಳಿಗೆ ಬರೆದ ಪುಸ್ತಕವನ್ನೇ ಆರಿಸಿದರೆ ಅದು ಕೆಲವು ವರ್ಷ ಬಾಳುತ್ತದೆ. 2011ರಿಂದ 2017ರ ಅಕ್ಟೋಬರಿನವರೆಗಿನ ಉಬುಂಟು ಪುಸ್ತಕಗಳಲ್ಲಿ ‘ಯೂನಿಟಿ’ ಎಂಬ ಹಳೆಯ ಮುಖದ ಚಿತ್ರಗಳಿರುತ್ತವೆ, ಈಗಿನದು ‘ಗ್ನೋಮ್’.

ಇಷ್ಟಾದರೂ ಹಳೆಯ ಲಿನಕ್ಸ್ ಪುಸ್ತಕಗಳನ್ನು ಸಾರಾಸಗಟಾಗಿ ತಳ್ಳಿಹಾಕಬಾರದು. ಕಡತಗಳನ್ನು ಪಟ್ಟಿ ಮಾಡುವ, ಫೋಲ್ಡರ್ ಬದಲಿಸುವ, ಪಠ್ಯದಲ್ಲಿ ಪದ ಹುಡುಕುವ ಆದೇಶಗಳು 1970ರ ದಶಕದ ಯೂನಿಕ್ಸ್‌ನಿಂದ ಬಂದವು; ಅವುಗಳ ಅಧ್ಯಾಯ 20 ವರ್ಷ ಹಿಂದಿನದಾದರೂ ಅಕ್ಷರಶಃ ನಡೆಯುತ್ತದೆ. ಹಿನ್ನೆಲೆಯಲ್ಲಿ ಓಡುವ ಸೇವೆಗಳನ್ನು ಚಾಲೂ ಮಾಡುವ, ನಿಲ್ಲಿಸುವ ಅಧ್ಯಾಯ ಮಾತ್ರ ಹಳಸಿದೆ: 2014–15ರ ಸುಮಾರಿಗೆ ರೆಡ್ ಹ್ಯಾಟ್, ಡೆಬಿಯನ್, ಉಬುಂಟು ಮೂರೂ ಆ ಕೆಲಸಕ್ಕೆ ‘ಸಿಸ್ಟಂಡಿ’ ಎಂಬ ಹೊಸ ವ್ಯವಸ್ಥೆಗೆ ಬದಲಾದವು. ನನ್ನ 2006ರ ಆ ಪೆದ್ದು ಖರೀದಿಯಲ್ಲಿಯೂ ಆದೇಶಗಳ 150 ಪುಟಗಳು ಕೊನೆಗೆ ಉಪಯೋಗಕ್ಕೆ ಬಂದವು. ಅಳಿಸುವ ‘ಆರ್‌ಎಂ’ ಆದೇಶ ಕೊಟ್ಟರೆ ಕಡತ ಕಸದ ಬುಟ್ಟಿಗೆ ಹೋಗುವುದಿಲ್ಲ, ಹೋದದ್ದು ಹೋಯಿತು ಎಂಬ ಎಚ್ಚರಿಕೆ ಆ ಆದೇಶವನ್ನು ಕಲಿಸುವ ಪುಟದಲ್ಲಿಯೇ ಇದೆಯೇ ಎಂಬುದು ಲಿನಕ್ಸ್ ಪುಸ್ತಕಕ್ಕೆ ನನ್ನ ಒರೆಗಲ್ಲು.

ದುಡ್ಡು ಕೊಡುವ ಮೊದಲು ಉಚಿತವಾದದ್ದನ್ನು ನೋಡಿ

ವಿಲಿಯಂ ಶಾಟ್ಸ್ ಅವರು ಲಿನಕ್ಸ್ ಆದೇಶ ಸಾಲಿನ (ಕಮಾಂಡ್ ಲೈನ್) ಬಗ್ಗೆ ಬರೆದ ಪುಸ್ತಕದ ಪಿಡಿಎಫ್ ಪ್ರತಿಯನ್ನು ತಮ್ಮ ತಾಣದಲ್ಲಿ ಉಚಿತವಾಗಿಯೇ ಇಟ್ಟಿದ್ದಾರೆ. ಕದ್ದ ಪ್ರತಿ ಹುಡುಕುವ ಅಗತ್ಯವಿಲ್ಲ. ವರ್ಡ್, ಎಕ್ಸೆಲ್‌ಗಳಂತೆಯೇ ಬಳಸುವ ಉಚಿತ ತಂತ್ರಾಂಶ ಲಿಬ್ರೆಆಫೀಸ್‌ನ ರೈಟರ್, ಕ್ಯಾಲ್ಕ್ ಮುಂತಾದವುಗಳ ಕೈಪಿಡಿಗಳನ್ನು ಅದರ ಬಳಗವೇ ಬರೆದು ಉಚಿತವಾಗಿ ಕೊಡುತ್ತದೆ, ಮತ್ತು ಪ್ರತಿಯೊಂದರ ಮುಖಪುಟದಲ್ಲಿಯೂ ಆವೃತ್ತಿಯ ಸಂಖ್ಯೆ ಇರುತ್ತದೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಸುಮಾರು 10 ನಿಮಿಷಗಳ ಪಾಠಗಳಲ್ಲಿ ಹಲವಕ್ಕೆ ಕನ್ನಡದ ಧ್ವನಿಯೂ ಇದೆ. ಕೆಲವು ಹಳೆಯ ಆವೃತ್ತಿಗಳ ಮೇಲೆ ಮಾಡಿದವು ಎಂಬುದನ್ನು ನೆನಪಿಟ್ಟುಕೊಂಡು, ಪುಸ್ತಕದ ಪಕ್ಕದಲ್ಲಿ ಅವನ್ನು ಇಟ್ಟುಕೊಳ್ಳಬಹುದು. ವಿಡಿಯೊ ಒಂದೇ ಸಾಕಲ್ಲವೇ ಎನ್ನುವವರಿಗೆ ನನ್ನದೊಂದೇ ತಕರಾರು: ಮೂರು ವಾರದ ಹಿಂದೆ ನೋಡಿದ ಒಂದು ಕೀಲಿಯ ಹೆಸರನ್ನು ಪುಸ್ತಕದಲ್ಲಿ ಹತ್ತು ಸೆಕೆಂಡಿನಲ್ಲಿ ಹುಡುಕಬಹುದು, ವಿಡಿಯೊದಲ್ಲಿ ಹಿಂದೆ ಮುಂದೆ ಎಳೆಯುತ್ತ ಕೂರಬೇಕು.

ಕೊಳ್ಳುವುದೇ ಆದರೆ, ಆನ್‌ಲೈನ್ ಮಳಿಗೆಗಳು ಕೆಲವು ಪುಟಗಳನ್ನು ತೆರೆದು ತೋರಿಸುತ್ತವೆ. ಮುದ್ರಣದ ಪುಟವನ್ನೂ ಪರಿವಿಡಿಯನ್ನೂ ಅಲ್ಲಿಯೇ ನೋಡಿ. ಓದುಗರ ಅಭಿಪ್ರಾಯಗಳಲ್ಲಿ ಐದು ನಕ್ಷತ್ರದವನ್ನೂ ಒಂದು ನಕ್ಷತ್ರದವನ್ನೂ ಬಿಟ್ಟು ಮೂರರದ್ದನ್ನು ಓದಿದರೆ ಪುಸ್ತಕದ ನಿಜವಾದ ಕುಂದು ತಿಳಿಯುತ್ತದೆ. ಭಾರತದಲ್ಲಿ ಮಾತ್ರ ಮಾರುವ ಅಗ್ಗದ ಮುದ್ರಣಗಳಲ್ಲಿ ಚಿತ್ರಗಳು ಕಪ್ಪು ಬಿಳುಪಿನಲ್ಲಿರುವುದು ಸಾಮಾನ್ಯ. ಆದೇಶಗಳನ್ನು ಕಲಿಸುವ ಪುಸ್ತಕಕ್ಕೆ ಅದು ಲೆಕ್ಕಕ್ಕಿಲ್ಲ, ಫೋಟೊ ತಿದ್ದುವ ತಂತ್ರಾಂಶದ ಪುಸ್ತಕಕ್ಕೆ ಅದು ಮಾರಕ. ಅಭ್ಯಾಸದ ಕಡತಗಳನ್ನು ಸಿ.ಡಿ.ಯಲ್ಲಿ ಕೊಟ್ಟಿದ್ದರೆ ನಿಮ್ಮ ಲ್ಯಾಪ್‌ಟಾಪಿನಲ್ಲಿ ಅದನ್ನು ಹಾಕಲು ಜಾಗವೇ ಇರಲಾರದು. ಅದೇ ಕಡತಗಳು ಪ್ರಕಾಶಕರ ತಾಣದಲ್ಲಿಯೂ ಇವೆಯೇ, ಅಲ್ಲಿ ತಪ್ಪೋಲೆ (ಪುಸ್ತಕದ ತಪ್ಪುಗಳನ್ನು ತಿದ್ದಿದ ಪಟ್ಟಿ) ಹಾಕಿದ್ದಾರೆಯೇ ಎಂದು ಮೊದಲೇ ನೋಡಿಕೊಳ್ಳಿ.

ತಂದ ಮೇಲೆ ಹತ್ತು ದಿನ

ಪುಸ್ತಕ ಮನೆಗೆ ಬಂದ ಮೇಲೂ ಆಯ್ಕೆ ಮುಗಿದಿರುವುದಿಲ್ಲ. ಮೊದಲ ಹತ್ತು ದಿನ, ದಿನಕ್ಕೆ ಒಂದು ಗಂಟೆ, ಯಂತ್ರದ ಮುಂದೆ ಕುಳಿತು ಪ್ರತಿ ಹೆಜ್ಜೆಯನ್ನೂ ಮಾಡುತ್ತ ಓದಿ. ಹಾಸಿಗೆಯಲ್ಲಿ ಮಲಗಿ ಓದಿದರೆ ಎಲ್ಲವೂ ಅರ್ಥವಾದಂತೆ ಕಾಣುತ್ತದೆ. ಪುಸ್ತಕಕ್ಕೂ ಪರದೆಗೂ ಹೊಂದದ ಜಾಗದಲ್ಲಿ ಅಂಚಿನಲ್ಲಿ ಪೆನ್ಸಿಲಿನಿಂದ ಸರಿಯಾದದ್ದನ್ನು ಬರೆಯಿರಿ. ಅಧ್ಯಾಯಕ್ಕೆ ಒಂದೆರಡು ತಿದ್ದುಪಡಿ ಬಿದ್ದರೆ ಅಡ್ಡಿಯಿಲ್ಲ, ಯಾವ ಪುಸ್ತಕವೂ ಅದರಿಂದ ಪಾರಾಗಿಲ್ಲ. ಪುಟಪುಟಕ್ಕೂ ಬೀಳುತ್ತಿದ್ದರೆ ಅದನ್ನು ಬದಿಗಿಟ್ಟು ಬೇರೆಯದನ್ನು ಹುಡುಕಿ. ಕೊಟ್ಟ ದುಡ್ಡಿಗಾಗಿ ಇನ್ನೂ ಎರಡು ತಿಂಗಳು ಕಳೆಯಬೇಡಿ.

ಆ ವಿದ್ಯಾರ್ಥಿನಿಯ ಪುಸ್ತಕ ಈಗ ನನ್ನ ತರಗತಿಯ ಕಪಾಟಿನಲ್ಲಿದೆ. ಕೀಲಿಗಳ ಅಧ್ಯಾಯಕ್ಕೂ ವ್ಯಾಟ್ ಅಧ್ಯಾಯಕ್ಕೂ ಅವಳೇ ಕ್ಲಿಪ್ ಹಾಕಿ ಮುಚ್ಚಿದ್ದಾಳೆ. ಯಾವ ಲೆಡ್ಜರ್ (ಖಾತೆ) ಯಾವ ಗುಂಪಿನ ಕೆಳಗೆ ಬರುತ್ತದೆ ಎಂಬ ನಾಲ್ಕನೇ ಅಧ್ಯಾಯವನ್ನು ಬರೆದವರು ಲೆಕ್ಕಶಾಸ್ತ್ರವನ್ನು ಚೆನ್ನಾಗಿ ಬಲ್ಲವರು. ಅದರ 60 ಪುಟಗಳನ್ನು ಹೊಸ ತಂಡದವರು ಇವತ್ತಿಗೂ ಸರದಿಯ ಮೇಲೆ ಒಯ್ದು ಓದುತ್ತಾರೆ. ಮೂರನೇ ಪುಟದಲ್ಲಿ ಆಲ್ಟ್ ಎಫ್3 ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಆಲ್ಟ್ ಕೆ’ ಎಂದು ಬರೆದಿರುವ ಕೈಬರಹ ಅವಳದೇ.